ಬೇಸ್ ಇಲ್ಲ

ಆಳಂದ
19 ಜನವರಿ 2025

ದೇವ್ಯಾ,

ಫೋನಿನಲ್ಲಿ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಅಫಜಲಪುರದ ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸಿನ ಗಣಿತ ಎರಡು ಸಲ ಹೋಗಿ ನಾನು ಸಾಲೆ ಬಿಟ್ಟ ಮೇಲೆ ಇಷ್ಟುದ್ದ ಏನನ್ನೂ ಬರೆದಿಲ್ಲ. ತಪ್ಪಿದ್ದರೆ ನಗು. ಆದರೆ ಕೊನೆಯವರೆಗೆ ಓದು.

ಜನವರಿ ಮೂರರಂದು, ಸಾವಿತ್ರಿಬಾಯಿ ಜಯಂತಿಯಲ್ಲಿ, ನಿಮ್ಮ ಮೈತ್ರಿ ಅಕ್ಕ ಹಾಡುತ್ತಿರುವಾಗಲೇ ವೈರ್ ಕಿತ್ತುಕೊಂಡು ಸ್ಟೇಜಿನಿಂದ ಇಳಿದು ಹೋದವನು ನಾನೇ. ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಯಾಕೆ ಹೋದೆ ಎಂದು ಕೇಳಿದರೆ ಮಾತ್ರ ಇವತ್ತು ನನ್ನ ಹತ್ತಿರ ಉತ್ತರವಿಲ್ಲ. ತಲೆಯಲ್ಲಿ ಎಲ್ಲ ಕಲಸಿಹೋಗಿದೆ. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ, ಬರೆದರೆ ನನಗಾದರೂ ತಿಳಿದೀತು.

ಎರಡು ವರ್ಷದಿಂದ ನಿಮ್ಮ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದೇನೆ. ನಾಲ್ಕು ದಪ್ಪ ತಂತಿ, ಮೂಲೆಯಲ್ಲಿ ಜಾಗ. ಕಾರ್ಯಕ್ರಮ ಮುಗಿದ ಮೇಲೆ ಜನ ಅಕ್ಕನ ದನಿಯನ್ನು ಹೊಗಳುತ್ತಾರೆ, ನಿನ್ನ ಢೋಲಕ್ಕನ್ನು ಹೊಗಳುತ್ತಾರೆ. ನನ್ನನ್ನು ನೋಡಿ, "ನೀ ಏನ್ ಮಾಡ್ತಿ ತಮ್ಮಾ, ಸೌಂಡ್ ಡಬ್ಬಾ ಎತ್ತಾಂವೇನು?" ಎನ್ನುತ್ತಾರೆ. ನೀನೂ ನಗುತ್ತೀಯ, ನಾನೂ ನಗುತ್ತೇನೆ.

ಡಿಸೆಂಬರಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಒಂದು ಹಳೆಯ ಪೆಡಲ್ ತಂದೆ. ಕಾಲಿನಿಂದ ಒತ್ತುವ ಕೆಂಪು ಡಬ್ಬಿ. ಗಿಟಾರಿನ ವೈರು ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಒತ್ತಿದರೆ ಸ್ವರ ಹರಿದು ಗರ್ರ್ ಎನ್ನುತ್ತದೆ. ಅಂಗಡಿಯವನು, "ಯೇ ಲೀಡ್ ಗಿಟಾರ್ ಕಾ ಹೈ ಭಾಯ್, ಬೇಸ್ ಕೋ ಮತ್ ಲಗಾ" ಎಂದ. ತೂತು ಒಂದೇ, ವೈರು ಒಂದೇ, ಮತ್ತೆ ಯಾಕೆ ಬೇಡ ಎಂದುಕೊಂಡೆ. ನಿನಗೆ ಹೇಳಲಿಲ್ಲ.

ಅಕ್ಕನ ಹಾಡಿನ ಎರಡನೇ ಚರಣಕ್ಕೆ ಒತ್ತಿದೆ. ನಾನು ನಿಂತ ಜಾಗದಲ್ಲಿ ಹಿಟ್ಟಿನ ಗಿರಣಿ ಶುರುವಾದ ಹಾಗೆ ಕೇಳಿತು. ಇಡೀ ಅಫಜಲಪುರ ತಿರುಗಿ ನೋಡುತ್ತದೆ ಎಂದುಕೊಂಡೆ. ತಿರುಗಿದವನು ನೀನೊಬ್ಬನೇ. ಮೈಕು ನಿನ್ನ ಬಾಯಿಯ ಮುಂದೆಯೇ ಇತ್ತು. "ಬೇಸ್ ಇಲ್ಲಲೇ ಫಯಾಜ್ಯಾ, ಬೇಸ್ ಇಲ್ಲ!" ಎಂದು ಕೂಗಿದೆ. ಜನ ನಕ್ಕರು. ಮುಂದಿನದು ನಿನಗೆ ಗೊತ್ತು.

ನನಗೆ ತಂಡಕ್ಕೆ ವಾಪಸ್ ಬರಬೇಕು. ಇದೊಂದರಲ್ಲಿ ಗೊಂದಲವಿಲ್ಲ.

ಬೈದಾದರೂ ಬರೆ,
ಫಯಾಜ


ಆಳಂದ
9 ಫೆಬ್ರುವರಿ 2025

ದೇವ್ಯಾ,

ನೀನು ಬರೆಯಲಿಲ್ಲ. ಸಿಟ್ಟು ಇಳಿದಿಲ್ಲ ಎಂದು ತಿಳಿದೆ. ಪೋಸ್ಟ್ ತಡವಾಗಿದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುವುದಿಲ್ಲ.

ಒಂದು ವಿಷಯ ಗೊತ್ತಾಯಿತು, ಅದನ್ನು ಹೇಳಲು ಬರೆಯುತ್ತಿದ್ದೇನೆ. ನಾನು ತಪ್ಪು, ಅಂಗಡಿಯವನು ಸರಿ. ಮನೆಯಲ್ಲಿ ಡಬ್ಬಿ ಹಚ್ಚಿ ಬಾರಿಸುತ್ತಿದ್ದೆ. ನಮ್ಮ ಅಮ್ಮಿ ಯಾವಾಗಲೂ ಅಡುಗೆ ಮನೆಯಿಂದ, "ಬಸ್ ಕರ್ ರೇ, ಬಾಂಡೆ ಹಿಲ್‌ರೈಂ!" ಎಂದು ಬೈಯುವುದು ನಿನಗೆ ಗೊತ್ತಲ್ಲ. ನಾನು ಬಾರಿಸಿದರೆ ಶೆಲ್ಫಿನ ಪಾತ್ರೆಗಳೆಲ್ಲ ಅಲುಗುತ್ತವೆ. ಅವತ್ತು ಅರ್ಧ ತಾಸು ಬಾರಿಸಿದರೂ ಬೈಗಳು ಬರಲಿಲ್ಲ. ಹೋಗಿ ನೋಡಿದರೆ ಅಮ್ಮಿ ಆರಾಮಾಗಿ ಮೆಂತ್ಯ ಸೋಸುತ್ತಿದ್ದಳು. ಒಂದು ತಾಟೂ ಅಲುಗಿರಲಿಲ್ಲ.

ಆಮೇಲೆ ತಂಗಿ ಸಾಯಿರಾಳನ್ನು ಕೂರಿಸಿ, ಒಂದೇ ತಂತಿ ಮೀಟುತ್ತಿರು ಎಂದು ಹೇಳಿ ಅಂಗಳಕ್ಕೆ ಬಂದು ಕೇಳಿದೆ. "ಬೆರಳು ನೋಯ್ತಾವ ಭೈಯಾ, ಸಾಕ?" ಎಂದು ಕೂಗುತ್ತಲೇ ಇದ್ದಳು. ಡಬ್ಬಿ ಇಲ್ಲದೆ ಮೀಟಿದಾಗ ಸ್ವರ ನೆಲದಿಂದ ಬಂದು ಅಂಗಾಲಿಗೆ ಹತ್ತಿತು. ಡಬ್ಬಿ ಒತ್ತಿ ಮೀಟಿದಾಗ ಶೀಶೆಯಲ್ಲಿ ಸಿಕ್ಕ ನೊಣದ ಹಾಗೆ ಗುಂಯ್ ಎಂದಿತು, ಅಷ್ಟೆ. ಲೀಡ್ ಗಿಟಾರಿಗೆಂದು ಮಾಡಿದ ಡಬ್ಬಿ ಕೆಳಗಿನ ಸ್ವರವನ್ನು ಒಳಗೇ ಸೋಸಿಬಿಡುತ್ತದೆ. ಹತ್ತಿರ ನಿಂತವನಿಗೆ ದೊಡ್ಡದಾಯಿತು ಅನಿಸುತ್ತದೆ. ದೂರ ನಿಂತವನಿಗೆ ಬುಡವೇ ಇರುವುದಿಲ್ಲ.

ಅವತ್ತು ಕೆಳಗೆ ಕುಳಿತವರಿಗೆ ನಾನು ಕೇಳಿಸಲೇ ಇಲ್ಲ ಎಂದಾಯಿತು. ಹೆಚ್ಚು ಕೇಳಿಸಬೇಕೆಂದು ಡಬ್ಬಿ ತಂದವನು ನಾನು. ಇದಕ್ಕೆ ನಗಬೇಕೋ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಅಕ್ಕ ಹೇಗಿದ್ದಾಳೆ? ನಿಮ್ಮ ಆಯಿ?

ನಿನ್ನ,
ಫಯಾಜ


ಅಫಜಲಪುರ
17 ಫೆಬ್ರುವರಿ 2025

ಫಯಾಜ,

ಎರಡೂ ಕಾಗದ ಬಂದಿವೆ. ಡಬ್ಬಿಯ ಸುದ್ದಿ ನನಗೆ ಬೇಡ.

ನೀನು ಹೋದ ಮೇಲೆ ಏನಾಯಿತು ಎಂದು ನೀನು ಕೇಳಲಿಲ್ಲ. ಅಕ್ಕ ನಿನ್ನ ಬೇಸಿನ ಮೇಲೆ ಶ್ರುತಿ ಹಿಡಿಯುತ್ತಾಳೆ. ವೈರ್ ಕಿತ್ತಾಗ ಸ್ಪೀಕರ್ ಢಬ್ ಎಂದಿತು, ಅವಳ ಹಾಡು ನಿಂತಿತು. ಮತ್ತೆ ಎತ್ತಿಕೊಳ್ಳಲು ಆಗಲಿಲ್ಲ. "ಪದಾ ಮರ್ತಾಳ ನೋಡು" ಎಂದು ಮುಂದಿನ ಸಾಲಿನವರು ಅಂದರು. ಅವಳೇ ಬರೆದ ಹಾಡು, ಫಯಾಜ. ನಮ್ಮ ಆಯಿ ಭೀಮಾ ಹೊಳೆಯ ಸೊನ್ನದ ಬ್ಯಾರೇಜಿಗೆ ಕಲ್ಲು ಹೊತ್ತದ್ದರ ಹಾಡು. ಆಯಿ ಮುಂದೆಯೇ ಕುಳಿತಿದ್ದಳು.

ಅವತ್ತಿನಿಂದ ಅಕ್ಕ ಹಾಡಿಲ್ಲ. ಏಪ್ರಿಲ್ ಹದಿನಾಲ್ಕಕ್ಕೆ ಜೇವರ್ಗಿಯಲ್ಲಿ ಬಾಬಾಸಾಹೇಬರ ಜಯಂತಿಗೆ ಒಪ್ಪಿಕೊಂಡಿದ್ದೇವೆ. ಅವಳು ಬರುವುದಿಲ್ಲ ಎನ್ನುತ್ತಾಳೆ.

ನೀನು ಹಾಗೆ ಯಾಕೆ ಹೋದೆ ಎಂಬುದೊಂದೇ ನನ್ನ ಪ್ರಶ್ನೆ. ಉತ್ತರ ಸಿಕ್ಕಾಗ ಬರೆ. ಇಲ್ಲದಿದ್ದರೆ ಬರೆಯಬೇಡ.

ದೇವಾನಂದ


ಆಳಂದ
2 ಮಾರ್ಚ್ 2025

ದೇವ್ಯಾ,

ಉತ್ತರ ಸಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅಕ್ಕ ಹಾಡು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದವನ್ನು ಮಸೂದ ಚಾಚಾನ ಮೋಟರ್ ರಿಪೇರಿ ಅಂಗಡಿಯಲ್ಲಿ, ಕೆಲಸದ ನಡುವೆ ಓದಿದೆ. ಕೈಯಲ್ಲಿದ್ದ ಮೋಟರಿಗೆ ತಪ್ಪು ತಂತಿ ಸುತ್ತಿ ಚಾಚಾನಿಂದ ಬೈಸಿಕೊಂಡೆ.

ನನಗೆ ಮಾತಿನಲ್ಲಿ ಸರಿ ಮಾಡಲು ಬರುವುದಿಲ್ಲ. ಕೈಯಿಂದ ಏನಾದರೂ ಮಾಡೋಣ ಎಂದು ಕುಳಿತೆ. ಡಬ್ಬಿ ಕೆಳಗಿನ ಸ್ವರ ತಿನ್ನುತ್ತದೆ ಎಂದರೆ ಸ್ವರವನ್ನು ಎರಡು ದಾರಿ ಮಾಡಿದರಾಯಿತು. ಒಂದು ದಾರಿ ಡಬ್ಬಿಯೊಳಗಿಂದ, ಇನ್ನೊಂದು ಯಾವ ಡಬ್ಬಿಯೂ ಇಲ್ಲದೆ ಸೀದಾ. ಕೊನೆಗೆ ಎರಡನ್ನೂ ಕೂಡಿಸುವುದು. ಬುಡವೂ ಇರುತ್ತದೆ, ಗರ್ರ್ ಕೂಡ ಇರುತ್ತದೆ. ಹಳೆಯ ಊಟದ ಡಬ್ಬಿಯೊಂದರಲ್ಲಿ ಇದನ್ನೆಲ್ಲ ಬೆಸುಗೆ ಹಾಕಿ ಕೂರಿಸಿದೆ.

ಸೀದಾ ದಾರಿ ಒಂದೇ ಬಿಟ್ಟರೆ ಸರಿ ಇದೆ. ಡಬ್ಬಿಯ ದಾರಿ ಒಂದೇ ಬಿಟ್ಟರೆ ಅದು ಹೇಗಿರಬೇಕೋ ಹಾಗಿದೆ. ಎರಡನ್ನೂ ಕೂಡಿಸಿದರೆ, ಕೇಳು, ಎರಡಕ್ಕಿಂತಲೂ ಸಣ್ಣದಾಗುತ್ತದೆ! ಒಂದಕ್ಕೆ ಒಂದು ಕೂಡಿಸಿದರೆ ಅರ್ಧ. ಹೀಗಿದ್ದರೆ ನಾನು ಗಣಿತದಲ್ಲಿ ಹೋದದ್ದು ನನ್ನ ತಪ್ಪಲ್ಲ.

ಮೂರು ದಿನದಿಂದ ಬಿಚ್ಚುತ್ತೇನೆ, ಹಚ್ಚುತ್ತೇನೆ. ಇವತ್ತು ರೋಜಾ ಶುರುವಾಗಿದೆ, ಬಾಯಿ ಒಣಗಿದೆ, ಬುದ್ಧಿಯೂ. ನಾನು ಕ್ಷಮೆ ಕೇಳಿದೆ ಎಂದು ಅಕ್ಕನಿಗೆ ಹೇಳು. ಬೇಡ, ಹೇಳಬೇಡ. ನಾನೇ ಹೇಳಬೇಕು. ಹೇಗೆ ಎಂದು ಮಾತ್ರ ಗೊತ್ತಿಲ್ಲ.

ಫಯಾಜ


ಅಫಜಲಪುರ
11 ಮಾರ್ಚ್ 2025

ತಮ್ಮಾ ಫಯಾಜ,

ನಾನು ಮೈತ್ರಿ. ನಿನ್ನ ಕಾಗದಗಳನ್ನು ದೇವು ನನಗೆ ತೋರಿಸಿರಲಿಲ್ಲ. ಅವನ ಹಾಸಿಗೆ ಕೊಡವುವಾಗ ಸಿಕ್ಕವು, ಮೂರನ್ನೂ ಓದಿದೆ.

ನಿನ್ನೆ ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆಯಿತು. ಊಟಕ್ಕೆ ಕುಳಿತಾಗ ಆಯಿ ಇದ್ದಕ್ಕಿದ್ದಂತೆ ದೇವುಗೆ, "ಆ ಸಾಬರ ಹುಡುಗ ಎಷ್ಟ ಚೊಲೊ ಬಾರಸ್ತಿದ್ದ. ಮಂದಿ ಮುಂದ ಬೇಸ್ ಇಲ್ಲ ಬೇಸ್ ಇಲ್ಲ ಅಂತ ಯಾಕ ಒದರಿದಿ? ಯಾರಿಗಿರಲಿ, ಸಿಟ್ಟ ಬರಂಗಿಲ್ಲೇನು?" ಎಂದಳು. ದೇವು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ. "ಆಯಿ, ಬೇಸ್ ಅಂದ್ರ ಆ ಗಿಟಾರಿನ ದನಿ. ಅದು ಕೇಳಸವಲ್ದು ಅಂತ ಹೇಳಿದೆ." ಆಯಿ ಅವನನ್ನೇ ನೋಡಿದಳು. "ಬೇಸ್ ಅಂದ್ರ ಬೇಸ್. ಬೇಸ್ ಅದ, ಬೇಸ್ ಇಲ್ಲ. ಇದರಾಗ ಗಿಟಾರ್ ಎಲ್ಲಿಂದ ಬಂತು?"

ನಮಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ಬೇಸ್ ಎಂದರೆ ಚೆನ್ನಾಗಿದೆ ಎಂದೇ ಅಲ್ಲವೇ ಜನ ತಿಳಿಯುವುದು? ಅವತ್ತು ಸ್ಟೇಜಿನ ಕೆಳಗೆ ನಕ್ಕವರೂ ಹಾಗೇ ತಿಳಿದಿರಬೇಕು. ದನಿ ಕೇಳುತ್ತಿಲ್ಲ ಎಂದು ಅವನು ಕೂಗಿದ್ದು, ನೀನು ಚೆನ್ನಾಗಿ ಬಾರಿಸುತ್ತಿಲ್ಲ ಎಂದು ನಿನ್ನ ಕಿವಿಗೆ ಬಿದ್ದಿದೆ. ಅಷ್ಟು ಮಂದಿಯ ಮುಂದೆ ಹಾಗೆ ಅನ್ನಿಸಿಕೊಂಡರೆ ನಾನಾದರೂ ಇಳಿದು ಹೋಗುತ್ತಿದ್ದೆ.

ದೇವುವಿನ ಸಿಟ್ಟು ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಇಳಿಯಿತು. "ಅಂವಾ ತಪ್ಪ ಕೇಳ್ಕೊಂಡಾನ ಅಕ್ಕಾ, ನಾನೇ ಮಬ್ಬ" ಎಂದು ಹತ್ತು ಸಲ ಅಂದ. ನೀನು ಬರಬೇಕಂತೆ. ನೀನು ಬಂದರೆ ನಾನು ಹಾಡುವ ವಿಚಾರ ಮಾಡುತ್ತೇನೆ. ಹಾಡಿಯೇ ಬಿಡುತ್ತೇನೆ ಎಂದು ಈಗಲೇ ಹೇಳಲಾರೆ.

ಹೌದು, ತಪ್ಪು ಕೇಳಿಸಿತ್ತು ಎಂದು ಒಂದು ಸಾಲು ಬರೆ. ದೇವು ಕಾಯುತ್ತಿದ್ದಾನೆ.

ಅಮ್ಮಿಗೆ ನನ್ನ ಸಲಾಮು ತಿಳಿಸು.
ಮೈತ್ರಿ


ಆಳಂದ
23 ಮಾರ್ಚ್ 2025

ಮೈತ್ರಿ ಅಕ್ಕಾ, ದೇವ್ಯಾ, ಇಬ್ಬರಿಗೂ,

ಅಕ್ಕನ ಕಾಗದ ಬಂದು ಒಂಬತ್ತು ದಿನವಾಯಿತು. ನೀವು ಕೇಳಿದ ಆ ಒಂದು ಸಾಲನ್ನು ನಾಲ್ಕು ಸಲ ಬರೆದೆ. "ಹೌದು, ತಪ್ಪು ಕೇಳಿಸಿತ್ತು." ಬರೆಯುವುದು ಸುಲಭ, ಅಕ್ಷರಗಳೂ ಚೆನ್ನಾಗಿ ಬರುತ್ತವೆ. ನಾಲ್ಕು ಸಲವೂ ಹರಿದೆ.

ಮೊದಲು ಊಟದ ಡಬ್ಬಿಯ ಸುದ್ದಿ ಹೇಳಿಬಿಡುತ್ತೇನೆ, ಅದು ಹೇಳಲು ಹಗುರ. ಎರಡು ದಾರಿ ಕೂಡಿದರೆ ಸ್ವರ ಸಣ್ಣದಾಗುವುದು ಯಾಕೆ ಎಂದು ಕೊನೆಗೆ ಮಸೂದ ಚಾಚಾನನ್ನು ಕೇಳಿದೆ. ಹಾಡು ಗೀಡು ಎಂದರೆ ಅವನಿಗೆ ಆಗುವುದಿಲ್ಲ. ತಲೆ ಎತ್ತದೆಯೇ, "ಮೋಟರ್‌ನ್ಯಾಗ ಒಂದ ಕಾಯಿಲ್ ಉಲ್ಟಾ ಹಚ್ಚಿದ್ರ ಏನಾಗ್ತದಲೇ?" ಎಂದ. "ಗುಂಯ್ ಅಂತದ, ತಿರಗಂಗಿಲ್ಲ" ಎಂದೆ. "ಮತ್ತ? ಹುಚ್ಚ ಖೋಡಿ, ಅದೇ ಆಗ್ಯಾದ." ಕೆಂಪು ಡಬ್ಬಿ ಸ್ವರವನ್ನು ಉಲ್ಟಾ ಮಾಡಿ ಹೊರಗೆ ಬಿಡುತ್ತದೆ. ಸೀದಾ ಬಂದದ್ದು ಮೇಲೆ ತಳ್ಳಿದರೆ ಉಲ್ಟಾ ಬಂದದ್ದು ಕೆಳಗೆ ಎಳೆಯುತ್ತದೆ. ಹಳೆಯ ರೇಡಿಯೊದ ಬೆರಳಷ್ಟು ಟ್ರಾನ್ಸ್‌ಫಾರ್ಮರ್ ತೆಗೆದು ಒಂದು ದಾರಿಯಲ್ಲಿ ಕೂರಿಸಿ, ಅದರ ಎರಡು ತುದಿ ಅದಲು ಬದಲು ಮಾಡಿದೆ. ತಂತಿ ಮೀಟಿದೆ. ಅಮ್ಮಿಯ ಒಂದು ತಾಟು ಶೆಲ್ಫಿನಿಂದ ಕೆಳಗೆ ಬಿತ್ತು. ಇಷ್ಟು ದಿನದಲ್ಲಿ ಬೈಸಿಕೊಂಡು ಕುಣಿದದ್ದು ಅದೇ ಮೊದಲು.

ಈಗ ಭಾರದ್ದು.

ನನಗೆ ತಪ್ಪು ಕೇಳಿಸಿರಲಿಲ್ಲ. ಆಯಿಗೆ ಕೇಳಿಸಿದ್ದು ಬೇರೆ, ಜನ ನಕ್ಕದ್ದು ಬೇರೆ. ದೇವ್ಯಾ, ಎರಡು ವರ್ಷದಿಂದ ದಿನಾ ಬೇಸ್ ಬೇಸ್ ಎನ್ನುತ್ತಿರುವವರು ನಾವು. ನೀನು ಕೂಗಿದ ಕೂಡಲೇ ನನ್ನ ದನಿ ಕೇಳುತ್ತಿಲ್ಲ ಎಂದೇ ನನಗೆ ತಿಳಿಯಿತು. ಕಾಲು ಡಬ್ಬಿಯ ಮೇಲೇ ಇತ್ತು. ಡಬ್ಬಿ ದನಿಯನ್ನು ಯಾಕೆ ತಿನ್ನುತ್ತದೆ ಎಂದು ಆಗ ಗೊತ್ತಿರಲಿಲ್ಲ, ಆದರೆ ಇನ್ನೊಂದು ಸಲ ಒತ್ತಿ ಅದನ್ನು ಬಂದ್ ಮಾಡಿದ್ದರೆ ಸರಿಹೋಗುತ್ತಿತ್ತು. ಅದೂ ಗೊತ್ತಿತ್ತು.

ಒತ್ತಲಿಲ್ಲ. ಯಾಕೆಂದರೆ ಆ ಕ್ಷಣ ನನಗೆ ಖುಷಿಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಖುಷಿಯೇ. ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಒಬ್ಬರಿಗೆ ನಾನಿಲ್ಲ ಎಂದು ಗೊತ್ತಾಗಿತ್ತು. ಇದ್ದಾಗ ಗೊತ್ತಾಗದವನು ಇಲ್ಲವಾದಾಗ ಗೊತ್ತಾದ. ಹಾಗಾದರೆ ಪೂರ್ತಿ ಇಲ್ಲದಿದ್ದರೆ ಹೇಗಿರುತ್ತದೆ, ನೋಡಲಿ ಎಂದು ವೈರು ಕಿತ್ತೆ. ಅಕ್ಕ ಹಾಡುತ್ತಿದ್ದಾಳೆ ಎಂಬುದು ಮೆಟ್ಟಿಲು ಇಳಿಯುವಾಗ ನೆನಪಾಯಿತು. ಹಿಂದಕ್ಕೆ ಹೋಗಲು ಮುಖವಿರಲಿಲ್ಲ.

ಇದು ಸಿಟ್ಟೋ ಆಸೆಯೋ ಹುಚ್ಚೋ ನನಗೆ ಇನ್ನೂ ತಿಳಿದಿಲ್ಲ. ಮೊದಲ ಕಾಗದದಲ್ಲಿ ಉತ್ತರವಿಲ್ಲ ಎಂದಿದ್ದೆ. ಇತ್ತು, ನೋಡಲು ಹೆದರಿದ್ದೆ. ರೋಜಾದಲ್ಲಿದ್ದೇನೆ ಎಂದು ನಿಜ ಹೇಳುತ್ತಿಲ್ಲ, ರೋಜಾ ಇಲ್ಲದಾಗಲೂ ಇದೇ ನಿಜ. ನೀವು ಕೊಟ್ಟ ಸುಳ್ಳು ತುಂಬ ಒಳ್ಳೆಯದಿತ್ತು. ಅದನ್ನು ಹಿಡಿದು ಜೇವರ್ಗಿಗೆ ಬಂದರೆ ಅಕ್ಕ ನನ್ನ ಸ್ವರದ ಮೇಲೆ ಶ್ರುತಿ ಹಿಡಿಯುತ್ತಾಳೆ. ನಾನು ಅವಳ ಮುಖ ನೋಡಲಾರೆ.

ಅಕ್ಕಾ, ನನ್ನಿಂದ ತಪ್ಪಾಯಿತು. ಇಷ್ಟೇ ಬರುತ್ತದೆ ನನಗೆ.

ಫಯಾಜ


ಅಫಜಲಪುರ
5 ಏಪ್ರಿಲ್ 2025

ಫಯಾಜ,

ನಿನ್ನ ಕಾಗದ ಓದಿ ದೇವು ಎದ್ದು ಹೊರಗೆ ಹೋದ. ತಿರುಗಿ ಬಂದು, "ಇಂಥಾಂವನ ಸಲುವಾಗಿ ನನಗ ನಾನೇ ಮಬ್ಬ ಅನ್ಕೊಂಡೆ ಅಲ್ಲ" ಎಂದ. ಅವತ್ತಿನಿಂದ ನಿನ್ನ ಹೆಸರು ಎತ್ತಿಲ್ಲ. ಈದ್ ದಿನ ನಿನಗೆ ಮುಬಾರಕ್ ಹೇಳು ಎಂದೆ, ಹೇಳಲಿಲ್ಲ.

ನನಗೂ ನೋವಾಯಿತು. "ಪದಾ ಮರ್ತಾಳ" ಎಂದದ್ದು ಇನ್ನೂ ಕಿವಿಯಲ್ಲಿದೆ. ನಾನು ಒಂದು ಪದವನ್ನೂ ಮರೆತಿರಲಿಲ್ಲ.

ಹತ್ತು ದಿನ ವಿಚಾರ ಮಾಡಿದೆ. ತಪ್ಪು ಕೇಳಿಸಿಕೊಂಡವನ ಜೊತೆ ಹಾಡಲು ನನಗೆ ಒಳಗೇ ಅಂಜಿಕೆಯಿತ್ತು, ನಿನಗೆ ಬರೆಯಲಿಲ್ಲ ಅಷ್ಟೆ. ನಾಳೆ ಯಾವ ಮಾತು ಅವನಿಗೆ ಹೇಗೆ ಕೇಳಿಸುತ್ತದೋ ಯಾರಿಗೆ ಗೊತ್ತು? ಬೇಕೆಂದೇ ಹೋದವನಿಗೆ ಹೋಗಬೇಡ ಎಂದಾದರೂ ಹೇಳಬಹುದು.

ಹೋಗಬೇಡ.

ಹನ್ನೆರಡನೇ ತಾರೀಖು ಮುಂಜಾನೆ ಬಸ್ಸಿಗೆ ಬಾ. ಊಟದ ಡಬ್ಬಿಯನ್ನೂ ತಾ, ಅದರೊಳಗೆ ಏನು ತುಂಬಿದ್ದೀಯ ನೋಡಬೇಕು. ದೇವು ನಿನ್ನ ಜೊತೆ ಮಾತಾಡುವುದಿಲ್ಲ ಎಂದಿದ್ದಾನೆ. ಢೋಲಕ್ ಬಾರಿಸಲು ಮಾತು ಬೇಕಿಲ್ಲ ಎಂದು ನಾನು ಹೇಳಿದ್ದೇನೆ.

ಮೈತ್ರಿ


ಆಳಂದ
16 ಏಪ್ರಿಲ್ 2025

ದೇವ್ಯಾ,

ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಆಳಂದ, ಮೊನ್ನೆ ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಬಂದೆ. ನಿನಗೆ ಹೇಳಬೇಕೆಂದಿದ್ದ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದೆ. ಪಕ್ಕದ ಮುದುಕ, "ಯಾರ ಕೂಡ ಮಾತಾಡಾಕತ್ತೀಪಾ?" ಎಂದು ಕೇಳಿದ.

ಮೂರು ದಿನ ನೀನು ನನ್ನ ಜೊತೆ ಮಾತಾಡಲಿಲ್ಲ. ಸಾಮಾನು ಎತ್ತುವಾಗಲೂ "ಏಯ್, ಆ ಕಡೆ ಹಿಡಿ" ಎಂದು ಸ್ಪೀಕರಿಗೆ ಹೇಳುವ ಹಾಗೆ ಹೇಳಿದೆ. ಅದು ನನಗೆ ಸಲ್ಲಬೇಕಾದದ್ದೇ.

ಅಕ್ಕ ಎದ್ದು ಮೈಕಿನ ಮುಂದೆ ನಿಂತಳು. ಮೊದಲ ಚರಣ ಡಬ್ಬಿ ಒತ್ತದೆ ಬಾರಿಸಿದೆ. ಎರಡನೆಯದಕ್ಕೆ, "ಭೀಮೆಗಿ ಬಾಗಿಲ ಹಚ್ಚಿದೆವ್ವ, ನಮ್ಮ ಮನೀಗಿ ಬಾಗಿಲ ಇಲ್ಲ" ಎಂದು ಅವಳು ದನಿ ಏರಿಸಿದಾಗ, ಒತ್ತಿದೆ. ಎರಡೂ ದಾರಿ ಕೂಡಿ ಬಂದವು. ಅಕ್ಕ ತಿರುಗಿ ನೋಡಲಿಲ್ಲ, ಹಾಡು ನಿಲ್ಲಲಿಲ್ಲ. ಕೆಳಗೆ ಹೇಗೆ ಕೇಳಿತೋ ನನಗೆ ಗೊತ್ತಿಲ್ಲ. ಸ್ಟೇಜಿನ ಮೇಲಿದ್ದವನಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ ಎಂದು ಕಾಣುತ್ತದೆ. ಕೀಬೋರ್ಡಿನ ಮಲ್ಕಪ್ಪಣ್ಣನನ್ನು ಕೇಳಿದೆ. "ನನಗ ನಂದೇ ಕೇಳಸಂಗಿಲ್ಲ, ನಿಂದೆಲ್ಲಿಂದ ಕೇಳಲಿ ಮಾರಾಯಾ" ಎಂದ.

ಈ ಕಾಗದ ಬರೆಯುತ್ತಿರುವುದು ಆಮೇಲೆ ಆದದ್ದಕ್ಕೆ. ನಿರೂಪಕ ಚೀಟಿ ನೋಡಿ ಹೆಸರು ಓದಿದ. ಗಾಯನ ಮೈತ್ರಿ, ಢೋಲಕ್ ದೇವಾನಂದ, ಕೀಬೋರ್ಡ್ ಮಲ್ಕಪ್ಪ. ಚಪ್ಪಾಳೆ ಬಿತ್ತು, ಚೀಟಿ ಮಡಚಿದ. ನೀನು ಮೈಕಿಗೆ ಕೈ ಹಾಕಿದೆ. ನನ್ನ ಕಡೆ ನೋಡಿದೆ, ಆ ಮೂರು ದಿನದಲ್ಲಿ ಅದೇ ಮೊದಲು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ನೀನು ಕೈ ತೆಗೆದೆ.

ಹುಡುಗ ಸುಧಾರಿಸಿದ್ದಾನೆ, ಹೆಸರಿನ ಆಸೆ ಬಿಟ್ಟಿದ್ದಾನೆ ಎಂದು ನೀನು ತಿಳಿದಿರಬಹುದು. ಅಕ್ಕನೂ ಬೆನ್ನು ತಟ್ಟಿದಳು. ಅದಕ್ಕೇ ಹೇಳಿಬಿಡಬೇಕು, ನಾನು ತಲೆ ಅಲ್ಲಾಡಿಸಿದ್ದು ಸುಳ್ಳು. ಯಾಕೆ ಹಾಗೆ ಮಾಡಿದೆನೋ ತಿಳಿಯದು. ನೀನು ಹೇಳಲಿ ಎಂದೇ ಇತ್ತು. ವೈರು ಸುತ್ತುವಾಗಲೂ, ಬಸ್ಸು ಹತ್ತುವಾಗಲೂ ಅದೇ ಇತ್ತು, ಈಗಲೂ ಇದೆ.

ಮುಂದಿನ ಸಲ ನನ್ನ ಹೆಸರು ಹೇಳು. ನಾನು ಹೇಗೇ ತಲೆ ಅಲ್ಲಾಡಿಸಲಿ, ನೀನು ಹೇಳು. ಹೇಳದಿದ್ದರೂ ನಾನು ಎದ್ದು ಹೋಗುವುದಿಲ್ಲ. ಆದರೆ ಹೇಳು.

ಫಯಾಜ